ಒಂದೇ ಕಿವಿ ಮಂದವಾದರೆ? ತಲೆಬುರುಡೆಯ ತಳದ ಗಡ್ಡೆಗಳು ಮತ್ತು ಅವುಗಳ ಶಸ್ತ್ರಚಿಕಿತ್ಸೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ – ಕಲಬುರಗಿ ಜಿಲ್ಲೆಯ ಈ ಊರುಗಳ ಹೆಸರು ಕೇಳಿದೊಡನೆ ನೆನಪಾಗುವುದು ಸುಣ್ಣಕಲ್ಲು. ಪದರು ಪದರಾಗಿ ಏಳುವ ಈ ಕಲ್ಲನ್ನು ಸೀಳಿ, ಅಂಚು ಕತ್ತರಿಸಿ, ಹೊಳಪು ಕೊಟ್ಟರೆ ನಾಡಿನ ಲಕ್ಷಾಂತರ ಮನೆಗಳ ನೆಲದಲ್ಲಿರುವ ಶಹಾಬಾದ್ ಫರಸಿ. ಪುಡಿಮಾಡಿ ಸುಟ್ಟರೆ ಸಿಮೆಂಟು. ಗಣಿ, ಕಲ್ಲು ಕತ್ತರಿಸುವ ಘಟಕ, ಸಿಮೆಂಟ್ ಕಾರ್ಖಾನೆ – ಎಲ್ಲಿ ಹೋದರೂ ಯಂತ್ರಗಳ ಸಪ್ಪಳ ಇದ್ದದ್ದೇ.

ಅಂಥ ಒಂದು ಘಟಕದಲ್ಲಿ ಹದಿನೈದು ವರ್ಷ ದುಡಿದ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳೋಣ. ವಯಸ್ಸು ನಲವತ್ತೈದು. ಎರಡು ವರ್ಷದಿಂದ ಎಡಗಿವಿ ಮಂದ. ಮೊಬೈಲನ್ನು ಎಡಗಿವಿಗೆ ಹಿಡಿದರೆ ಮಾತು ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ; ಆದ್ದರಿಂದ ಬಲಗಿವಿಗೆ ಬದಲಿಸಿಕೊಂಡಿದ್ದಾರೆ. ಆಗೀಗ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಕತ್ತಲಲ್ಲಿ ನಡೆದರೆ ಸ್ವಲ್ಪ ಓಲಾಡಿದಂತೆ. "ಮಷಿನ್ ಸಪ್ಪಳಕ್ಕ ಕಿವಿ ಕೆಟ್ಟದ, ಇನ್ನೇನು ಮಾಡಾದು" ಎಂದು ಮನೆಯವರೂ ಜೊತೆಗಾರರೂ ಸುಮ್ಮನಾಗುತ್ತಾರೆ.

ಈ ಮಾತು ಸಹಜವೆಂದು ತೋರಿದರೂ ಅದರಲ್ಲೊಂದು ದೋಷವಿದೆ. ಯಂತ್ರದ ಸಪ್ಪಳ ಎರಡು ಕಿವಿಗಳಿಗೂ ಬಡಿಯುತ್ತದೆ. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಶ್ರವಣಶಕ್ತಿ ಸಾಮಾನ್ಯವಾಗಿ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ, ಮೊದಲಿಗೆ 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಲ್ಲಿ ಕುಗ್ಗುತ್ತದೆ. ಯಂತ್ರಕ್ಕೆ ಸದಾ ಒಂದೇ ಪಕ್ಕ ಒಡ್ಡಿ ನಿಲ್ಲುವವರಲ್ಲಿ ತುಸು ವ್ಯತ್ಯಾಸ ಇರಬಹುದು. ಆದರೆ ಒಂದು ಕಿವಿ ಚೆನ್ನಾಗಿದ್ದು ಇನ್ನೊಂದು ಮಾತ್ರ ಮೆಲ್ಲಮೆಲ್ಲನೆ ಸೋಲುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಬಹುಪಾಲು ಜನರಲ್ಲಿ ಅದು ಗುಗ್ಗೆ, ಕಿವಿ ಸೋರುವಿಕೆಯಂಥ ಸಾಮಾನ್ಯ ಕಾರಣವೇ ಆಗಿರುತ್ತದೆ. ಕೆಲವೇ ಕೆಲವರಲ್ಲಿ ಮಾತ್ರ ತಲೆಬುರುಡೆಯ ತಳದಲ್ಲಿ ಬೆಳೆಯುತ್ತಿರುವ ಗಡ್ಡೆ ಕಾರಣವಾಗಿರುತ್ತದೆ. ಆ ಕೆಲವರನ್ನು ಬೇಗ ಗುರುತಿಸುವುದು ಹೇಗೆ, ಗುರುತಿಸಿದರೆ ವೈದ್ಯರು ಏನು ಮಾಡಬಲ್ಲರು ಎಂಬುದೇ ಈ ಲೇಖನದ ವಿಷಯ.

ಮಾಳಿಗೆಯಲ್ಲ, ನೆಲ

ತಲೆಬುರುಡೆಯನ್ನು ಒಂದು ಮನೆಗೆ ಹೋಲಿಸಿದರೆ, ನಾವು ಕೈಯಿಂದ ಮುಟ್ಟಿ ನೋಡುವ ನೆತ್ತಿ, ಹಣೆ, ಹಿಂದಲೆ ಆ ಮನೆಯ ಮಾಳಿಗೆ ಮತ್ತು ಗೋಡೆಗಳು. ಒಳಗೆ ವಾಸವಿರುವುದು ಮಿದುಳು. ಮಿದುಳು ಕುಳಿತಿರುವ ನೆಲವೇ ತಲೆಬುರುಡೆಯ ತಳ. ಈ ನೆಲ ಸಮತಟ್ಟಾಗಿಲ್ಲ. ಮುಂದಿನಿಂದ ಹಿಂದಕ್ಕೆ ಮೂರು ಮೆಟ್ಟಿಲುಗಳಂತೆ ಇಳಿಯುತ್ತದೆ. ಮೊದಲ ಮೆಟ್ಟಿಲು ಕಣ್ಣುಗೂಡು ಮತ್ತು ಮೂಗಿನ ಮೇಲ್ಭಾಗದಲ್ಲಿದೆ. ಎರಡನೆಯದು ಕಿವಿಯ ಮುಂದಿನ ಮಟ್ಟದಲ್ಲಿದೆ. ಎಲ್ಲಕ್ಕಿಂತ ಕೆಳಗಿನ ಮೂರನೆಯದರಲ್ಲಿ ಕಿರುಮಿದುಳು ಮತ್ತು ಮಿದುಳುಕಾಂಡ ಇವೆ.

ಮಾಳಿಗೆಯಲ್ಲಿ ರಂಧ್ರಗಳು ಕಡಿಮೆ. ನೆಲದ ತುಂಬ ರಂಧ್ರಗಳು. ಮಿದುಳಿಗೆ ರಕ್ತ ತರುವ ಧಮನಿಗಳು ಒಳಬರುವುದು ಇಲ್ಲಿಂದ. ವಾಸನೆ, ನೋಟ, ಕಣ್ಣಿನ ಚಲನೆ, ಮುಖದ ಸ್ಪರ್ಶ, ನಗು, ಶ್ರವಣ, ನುಂಗುವಿಕೆ, ಧ್ವನಿ – ಇವುಗಳಿಗೆ ಸಂಬಂಧಿಸಿದ ಹನ್ನೆರಡು ಜೊತೆ ಕಪಾಲ ನರಗಳು ಹಾಯುವುದೂ ಇಲ್ಲಿಂದಲೇ. ಅತಿ ದೊಡ್ಡ ರಂಧ್ರದ ಮೂಲಕ ಮಿದುಳುಕಾಂಡ ಕೆಳಗಿಳಿದು ಬೆನ್ನುಹುರಿಯಾಗುತ್ತದೆ.

ಈ ನೆಲದ ಭಾಗಗಳಿಗೆ ಹಳೆಯ ಅಂಗರಚನಾ ಶಾಸ್ತ್ರಜ್ಞರು ಇಟ್ಟ ಹೆಸರುಗಳು ಸ್ವಾರಸ್ಯವಾಗಿವೆ. ಪಿಟ್ಯುಟರಿ ಗ್ರಂಥಿ ಕುಳಿತಿರುವ ತಗ್ಗಿನ ಹೆಸರು 'ಸೆಲ್ಲಾ ಟರ್ಸಿಕಾ', ಅಂದರೆ ತುರ್ಕಿ ಜೀನು. ಅದರ ಹಿಂದಿನ ಇಳಿಜಾರು 'ಕ್ಲೈವಸ್', ಅಂದರೆ ಇಳಿಜಾರೇ. ಒಳಗಿವಿಯನ್ನು ತನ್ನೊಳಗೆ ಹುದುಗಿಸಿಕೊಂಡಿರುವ ಮೂಳೆಯ ಹೆಸರು 'ಪೆಟ್ರಸ್', ಅಂದರೆ ಕಲ್ಲಿನಂಥದ್ದು. ಹೆಸರಿಗೆ ತಕ್ಕಂತೆ ಇದು ದೇಹದ ಅತಿ ಸಾಂದ್ರವಾದ ಮೂಳೆಗಳಲ್ಲೊಂದು. ಸಾವಿರಾರು ವರ್ಷ ಹಿಂದಿನ ಅಸ್ಥಿಗಳಿಂದ ಡಿಎನ್‌ಎ ತೆಗೆಯುವ ವಿಜ್ಞಾನಿಗಳು ಮೊದಲು ಹುಡುಕುವುದು ಈ ಮೂಳೆಯನ್ನೇ.

ಗಡ್ಡೆ ಸೌಮ್ಯ, ಜಾಗ ಕಠಿಣ

ತಲೆಬುರುಡೆಯ ತಳದಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲ. ಅವು ಬೇರೆ ಅಂಗಗಳಿಗೆ ಹರಡುವುದಿಲ್ಲ, ನಿಧಾನವಾಗಿ ಬೆಳೆಯುತ್ತವೆ. ಇದೇ ಗಡ್ಡೆ ತೋಳಿನ ಚರ್ಮದಡಿ ಇದ್ದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಇಲ್ಲಿ ಪ್ರತಿ ಮಿಲಿಮೀಟರಿಗೂ ಒಂದು ನರ ಅಥವಾ ಒಂದು ಧಮನಿ ಅಡ್ಡ ಬರುತ್ತದೆ. ಶಿಕ್ಷಕರು ಮತ್ತು ವಿದ್ಯಾರ್ಥಿಗಳು ತಿಳಿದಿರಬೇಕಾದ ಮೂರು ಗಡ್ಡೆಗಳನ್ನು ಇಲ್ಲಿ ನೋಡೋಣ. ಮೂರಕ್ಕೂ ನಮ್ಮ ಊರುಗಳಲ್ಲಿ ಸುಲಭವಾದ ಬೇರೊಂದು 'ಕಾರಣ' ಸಿದ್ಧವಾಗಿರುತ್ತದೆ ಎಂಬುದನ್ನು ಗಮನಿಸಿ.

ಮೊದಲನೆಯದು ಶ್ರವಣ ನರದ ಗಡ್ಡೆ. ಎಂಟನೆಯ ಕಪಾಲ ನರದಲ್ಲಿ ಶ್ರವಣದ ಎಳೆ, ಸಮತೋಲದ ಎಳೆ ಎರಡೂ ಇವೆ. ಸಮತೋಲದ ಎಳೆಯನ್ನು ಹೊದ್ದಿರುವ ಶ್ವಾನ್ ಕೋಶಗಳಿಂದ ಈ ಗಡ್ಡೆ ಹುಟ್ಟುತ್ತದೆ. ಆದ್ದರಿಂದ ವೈದ್ಯರು ಇದನ್ನು ವೆಸ್ಟಿಬ್ಯುಲರ್ ಶ್ವಾನೋಮ ಎನ್ನುತ್ತಾರೆ. ಪೆಟ್ರಸ್ ಮೂಳೆಯೊಳಗಿನ ಸುಮಾರು ಒಂದು ಸೆಂ.ಮೀ. ಉದ್ದದ ಕೊಳವೆಯಲ್ಲಿ ಇದು ಬೆಳೆಯತೊಡಗುತ್ತದೆ. ಸರಾಸರಿ ವರ್ಷಕ್ಕೆ ಒಂದೆರಡು ಮಿ.ಮೀ. ಬೆಳವಣಿಗೆ. ಮೊದಲು ಒಂದು ಕಿವಿಯ ಶ್ರವಣ ಕುಗ್ಗುತ್ತದೆ. ಬಹಳ ದೊಡ್ಡದಾದರೆ ಮಿದುಳುಕಾಂಡವನ್ನು ಒತ್ತಿ ಮುಖ ಜೋಮು, ನಡಿಗೆಯಲ್ಲಿ ತೂರಾಟ, ತಲೆನೋವು, ವಾಂತಿ ಕಾಣಿಸುತ್ತವೆ. 'ಸಪ್ಪಳಕ್ಕೆ ಕಿವಿ ಹೋಯಿತು' ಎಂಬ ಸಮಾಧಾನ ಇಲ್ಲಿ ಅಡ್ಡಿ.

ಎರಡನೆಯದು ಪಿಟ್ಯುಟರಿ ಗಡ್ಡೆ. ತಲೆಬುರುಡೆಯೊಳಗಿನ ಗಡ್ಡೆಗಳಲ್ಲಿ ನೂರಕ್ಕೆ 10ರಿಂದ 15ರಷ್ಟು ಇವೇ ಎಂಬುದು ಪಠ್ಯಪುಸ್ತಕಗಳ ಲೆಕ್ಕ. ಗ್ರಂಥಿಯ ಸರಿಯಾಗಿ ಮೇಲೆ ಎರಡು ಕಣ್ಣುಗಳ ದೃಷ್ಟಿನರಗಳು ಭಾಗಶಃ ಅದಲುಬದಲಾಗುವ ಅಡ್ಡರಸ್ತೆಯಿದೆ. ಮೂಗಿನ ಕಡೆಯ ಅಕ್ಷಿಪಟಲದಿಂದ ಬಂದ ತಂತುಗಳು ಇಲ್ಲಿ ದಾಟುತ್ತವೆ. ಆ ಪಟಲಗಳು ನೋಡುವುದು ಹೊರ ಅಂಚಿನ ದೃಶ್ಯವನ್ನು. ಗಡ್ಡೆ ಕೆಳಗಿನಿಂದ ಒತ್ತಿದಾಗ ಎರಡೂ ಕಣ್ಣುಗಳ ಹೊರ ಅಂಚಿನ ನೋಟ ಮಸುಕಾಗುತ್ತದೆ. ನೇರಕ್ಕೆ ಓದಬಲ್ಲ ವ್ಯಕ್ತಿ ಬಾಗಿಲ ಚೌಕಟ್ಟಿಗೆ, ಪಕ್ಕದಿಂದ ಬರುವ ಸೈಕಲ್ಲಿಗೆ ಡಿಕ್ಕಿ ಹೊಡೆಯುತ್ತಾನೆ. 'ವಯಸ್ಸಾಯಿತು, ಕನ್ನಡಕ ಬದಲಿಸಬೇಕು' ಎಂಬುದು ಇಲ್ಲಿನ ಸಮಾಧಾನ.

ಮೂರನೆಯದು ಹುಡುಗರ ಗಡ್ಡೆ. ಹತ್ತರಿಂದ ಇಪ್ಪತ್ತು ವಯಸ್ಸಿನ ಗಂಡುಮಕ್ಕಳಲ್ಲೇ ಬಹುತೇಕ ಕಾಣಿಸುವ ಇದಕ್ಕೆ ಆಂಜಿಯೋಫೈಬ್ರೋಮ ಎಂದು ಹೆಸರು. ಮೂಗಿನ ಹಿಂಭಾಗದಲ್ಲಿ ಹುಟ್ಟಿ, ರಕ್ತನಾಳಗಳಿಂದ ಇಡಿಕಿರಿದು, ಮೂಳೆಯ ಸಂದುಗಳಲ್ಲಿ ನುಗ್ಗುತ್ತ ತಲೆಬುರುಡೆಯ ತಳಕ್ಕೆ ಏರುತ್ತದೆ. ಒಂದು ಹೊಳ್ಳೆ ಸದಾ ಕಟ್ಟಿರುವುದು, ಪದೇ ಪದೇ ಧಾರಾಕಾರವಾಗಿ ರಕ್ತ ಬರುವುದು ಇದರ ಲಕ್ಷಣ. ಕಲಬುರಗಿಯ ಬೇಸಗೆಯಲ್ಲಿ ಹುಡುಗರ ಮೂಗಿನಿಂದ ರಕ್ತ ಬಂದರೆ 'ಉಷ್ಣ ಆಗ್ಯದ' ಎಂದು ತಲೆಗೆ ನೀರು ಹಾಕಿ, ಉಳ್ಳಾಗಡ್ಡಿ ಮೂಸಿಸುವುದು ರೂಢಿ. ಬಹುತೇಕ ಸಲ ಅದು ಒಣಹವೆಗೆ ಮೂಗಿನ ಮುಂಭಾಗದ ಸಣ್ಣ ರಕ್ತನಾಳ ಒಡೆದದ್ದೇ ಆಗಿರುತ್ತದೆ. ಆದರೆ ಮಳೆಗಾಲದಲ್ಲೂ ನಿಲ್ಲದೆ, ಒಂದೇ ಹೊಳ್ಳೆಯಿಂದ, ಮೂಗು ಕಟ್ಟುವುದರೊಂದಿಗೆ ಬಂದರೆ ಬಿಸಿಲನ್ನು ದೂರಿ ಪ್ರಯೋಜನವಿಲ್ಲ.

ಇವಲ್ಲದೆ ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮ, ಕ್ಲೈವಸ್ ಇಳಿಜಾರಿನಲ್ಲಿ ಕಾಣಿಸುವ ಕಾರ್ಡೋಮ, ಮೂಗಿನ ಕುಹರಗಳ ಕ್ಯಾನ್ಸರ್ ಮುಂತಾದವೂ ಇವೆ.

ಶಾಲೆಯ ಶ್ರುತಿಕವೆ ಹೇಳುವ ಕಥೆ

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಶ್ರುತಿಕವೆ ಕಿವಿಯ ವೈದ್ಯರ ಮೇಜಿನ ಮೇಲೂ ಇರುತ್ತದೆ. ಅವರು ಸಾಮಾನ್ಯವಾಗಿ ಬಳಸುವುದು 512 ಹರ್ಟ್ಸ್‌ನದು. ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಕವೆಯನ್ನು ಮೀಟಿ ಅದರ ಕಾಂಡವನ್ನು ಹಣೆಯ ನಡುವೆ ಇರಿಸಿ. ಸದ್ದು ಎರಡೂ ಕಿವಿಗಳಿಗೆ ಸಮನಾಗಿ, ತಲೆಯ ನಡುವೆ ಕೇಳಿಸುತ್ತದೆ. ಈಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ. ಆಶ್ಚರ್ಯವೆಂದರೆ, ಮುಚ್ಚಿದ ಕಿವಿಯಲ್ಲೇ ಸದ್ದು ಜೋರಾಗುತ್ತದೆ! ಕಂಪನ ಮೂಳೆಯ ಮೂಲಕ ಒಳಗಿವಿಯನ್ನು ತಲುಪುತ್ತಿದೆ. ಹೊರಗಿನ ಗದ್ದಲ ನಿಂತಿದೆ, ಒಳಗಿನ ಸದ್ದು ಹೊರಹೋಗುವ ದಾರಿಯೂ ಮುಚ್ಚಿದೆ.

ಗುಗ್ಗೆ ಅಥವಾ ನಡುಗಿವಿಯ ರೋಗದಿಂದ ಕಿವಿ ಮಂದವಾದವರಲ್ಲಿಯೂ ಹೀಗೆಯೇ: ಸದ್ದು ಮಂದ ಕಿವಿಯ ಕಡೆಗೆ ವಾಲುತ್ತದೆ. ಆದರೆ ದೋಷ ಒಳಗಿವಿಯಲ್ಲಿ ಅಥವಾ ನರದಲ್ಲಿ ಇದ್ದರೆ ಸದ್ದು ಚೆನ್ನಾಗಿರುವ ಕಿವಿಯ ಕಡೆಗೆ ವಾಲುತ್ತದೆ. ಇದಕ್ಕೆ ವೆಬರ್ ಪರೀಕ್ಷೆ ಎನ್ನುತ್ತಾರೆ. ಇದು ರೋಗ ನಿರ್ಧಾರವಲ್ಲ, ದಾರಿ ತೋರುವ ಕೈಮರ ಮಾತ್ರ. ಮುಂದಿನ ಹೆಜ್ಜೆ ಆಡಿಯೋಮೆಟ್ರಿ. ಅದರಲ್ಲಿ ಎರಡು ಕಿವಿಗಳ ನಡುವೆ ಗಣನೀಯ ವ್ಯತ್ಯಾಸ ಕಂಡರೆ ಎಂಆರ್‌ಐ. ರಕ್ತನಾಳಕ್ಕೆ ವರ್ಧಕ ದ್ರವ ಕೊಟ್ಟು ತೆಗೆದ ಎಂಆರ್‌ಐ ಚಿತ್ರದಲ್ಲಿ ಕೆಲವೇ ಮಿ.ಮೀ. ಗಾತ್ರದ ಗಡ್ಡೆಯೂ ಕಾಣುತ್ತದೆ. ಮೂಳೆಯ ವಿವರ ಬೇಕಾದಾಗ ಸಿಟಿ ಸ್ಕ್ಯಾನ್.

ಬೆರಳಿನಿಂದ ಸೂಕ್ಷ್ಮದರ್ಶಕದವರೆಗೆ

ನೂರು ವರ್ಷ ಹಿಂದೆ ಈ ಜಾಗಕ್ಕೆ ಕೈಹಾಕುವುದೆಂದರೆ ಸಾವಿನೊಡನೆ ಪಂದ್ಯ. ಶ್ರವಣ ನರದ ಗಡ್ಡೆಯನ್ನು ಶಸ್ತ್ರವೈದ್ಯರು ಬೆರಳು ತೂರಿಸಿ ಬಿಡಿಸುತ್ತಿದ್ದ ಕಾಲವದು. ಬಹುಪಾಲು ರೋಗಿಗಳು ಬದುಕುತ್ತಿರಲಿಲ್ಲ. ಅಮೆರಿಕದ ಹಾರ್ವೆ ಕುಶಿಂಗ್ 1917ರಲ್ಲಿ ಈ ಗಡ್ಡೆಗಳ ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಗಡ್ಡೆಯ ತೊಗಟೆಯನ್ನು ಬಿಟ್ಟು ಒಳತಿರುಳನ್ನು ಮಾತ್ರ ತೆಗೆಯುವ ಅವರ ವಿಧಾನದಿಂದ ಸಾವುಗಳು ಬಹಳ ಇಳಿದವು. ಆದರೆ ಉಳಿದ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಅವರ ಶಿಷ್ಯ ವಾಲ್ಟರ್ ಡ್ಯಾಂಡಿ ತೊಗಟೆಯನ್ನೂ ತೆಗೆದರು. ಜೀವ ಉಳಿಯಿತು, ಮುಖದ ನರ ಮಾತ್ರ ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ.

ತಿರುವು ಬಂದದ್ದು 1960ರ ದಶಕದಲ್ಲಿ. ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಮೊದಲು ದಂತವೈದ್ಯಕೀಯ ಓದಿ ಆಮೇಲೆ ಕಿವಿಯ ವೈದ್ಯರಾದವರು. ಅವರು ಶಸ್ತ್ರಚಿಕಿತ್ಸಾ ಸೂಕ್ಷ್ಮದರ್ಶಕ ಮತ್ತು ವೇಗದ ಕೊರೆಯಂತ್ರವನ್ನು ಜೊತೆಗೂಡಿಸಿ, ಒಳಗಿವಿಯ ಮೂಳೆಯ ಮೂಲಕವೇ ಗಡ್ಡೆಗೆ ದಾರಿ ಮಾಡಿದರು. ಮಿದುಳನ್ನು ಪಕ್ಕಕ್ಕೆ ಎಳೆಯುವ ಬದಲು ಮೂಳೆಯನ್ನು ತೆಗೆಯಬೇಕು – ತಲೆಬುರುಡೆ ತಳದ ಶಸ್ತ್ರಚಿಕಿತ್ಸೆಯ ಮೂಲಸೂತ್ರ ಇದೇ.

ಕಲ್ಲಿನಂಥ ಮೂಳೆಯನ್ನು ಕೊರೆಯುವುದು

ಫರಸಿ ಘಟಕದಲ್ಲಿ ಕಲ್ಲು ಕತ್ತರಿಸುವುದನ್ನು ನೋಡಿದವರಿಗೆ ಈ ಕೆಲಸ ಅರ್ಥವಾಗುವುದು ಸುಲಭ. ಅಲ್ಲಿ ವಜ್ರದ ಹರಳು ಕೂರಿಸಿದ ಗಾಲಿ, ಮೇಲಿಂದ ಸುರಿಯುವ ನೀರು. ಇಲ್ಲಿಯೂ ಕೊನೆಯ ಹಂತದಲ್ಲಿ ವಜ್ರದ ಪುಡಿ ಲೇಪಿಸಿದ, ಕೆಲವೇ ಮಿ.ಮೀ. ಅಗಲದ ಗುಂಡು ತುದಿ. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು. ಬಿಡದೆ ಹರಿಯುವ ಲವಣಜಲ. ನೀರಿನ ಕೆಲಸ ಎರಡೂ ಕಡೆ ಒಂದೇ: ತಂಪು ಮಾಡುವುದು, ಪುಡಿಯನ್ನು ಕೊಚ್ಚಿ ಒಯ್ಯುವುದು. ಮೂಳೆಯ ಉಷ್ಣತೆ ಸುಮಾರು 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ನಿಂತರೂ ಅದರ ಜೀವಕೋಶಗಳಿಗೆ ಹಾನಿಯಾಗುತ್ತದೆ. ಪಕ್ಕದ ನರ ಇನ್ನೂ ಸೂಕ್ಷ್ಮ. ಆದರೆ ಕಲ್ಲಿನ ಘಟಕದಲ್ಲಿ ಗೆರೆ ತಪ್ಪಿದರೆ ಒಂದು ಫರಸಿ ಹಾಳು. ಇಲ್ಲಿ ತಪ್ಪಿದರೆ ಮಿದುಳಿಗೆ ಹೋಗುವ ಧಮನಿ.

ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಟಕಿ ತೆರೆದು ಹೋಗುವುದು ಇನ್ನೊಂದು ದಾರಿ. ಗಡ್ಡೆ ಚಿಕ್ಕದಿದ್ದು ಶ್ರವಣ ಇನ್ನೂ ಉಳಿದಿದ್ದರೆ ಅದನ್ನು ಕಾಪಾಡುವ ಅವಕಾಶ ಈ ದಾರಿಯಲ್ಲಿದೆ. ಒಳಗಿವಿಯ ಮೂಲಕ ಹೋದರೆ ಆ ಕಿವಿಯ ಶ್ರವಣ ಪೂರ್ತಿ ಹೋಗುತ್ತದೆ. ದಾರಿ ಯಾವುದಾದರೂ ಶಸ್ತ್ರಜ್ಞರ ಕಣ್ಣು ಮುಖದ ನರದ ಮೇಲೆಯೇ. ಏಳನೆಯ ಕಪಾಲ ನರವಾದ ಇದು ಗಡ್ಡೆಯ ಪಕ್ಕದಲ್ಲೇ ಸಾಗುತ್ತದೆ. ಗಡ್ಡೆ ದೊಡ್ಡದಾದಂತೆ ಹಿಗ್ಗಿ, ತೆಳ್ಳಗಾಗಿ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಗಡ್ಡೆಯ ಮೈಗೆ ಅಂಟಿಕೊಳ್ಳುತ್ತದೆ. ಅರಿವಳಿಕೆಯಲ್ಲಿರುವ ರೋಗಿಯ ಮುಖದ ಸ್ನಾಯುಗಳಿಗೆ ಸೂಜಿಯಂಥ ವಿದ್ಯುದಗ್ರಗಳನ್ನು ಜೋಡಿಸಿರುತ್ತಾರೆ. ನರಕ್ಕೆ ಸ್ವಲ್ಪ ತಾಕಿದರೂ ಯಂತ್ರ ಸದ್ದು ಮಾಡಿ ಎಚ್ಚರಿಸುತ್ತದೆ. ಶ್ರವಣಾತೀತ ಕಂಪನದಿಂದ ಗಡ್ಡೆಯ ತಿರುಳನ್ನು ಪುಡಿಮಾಡಿ ಹೀರುವ ಉಪಕರಣದಿಂದ ಒಳಭಾಗವನ್ನು ಟೊಳ್ಳು ಮಾಡಿ, ಆಮೇಲೆ ತೊಗಟೆಯನ್ನು ಬಿಡಿಸುತ್ತಾರೆ. ನರಕ್ಕೆ ಬಿಗಿಯಾಗಿ ಅಂಟಿದ ತೆಳು ಚೂರನ್ನು ಬೇಕೆಂದೇ ಬಿಡುವುದೂ ಉಂಟು. ಮೊದಲಿನ ಗುರಿ 'ಗಡ್ಡೆ ಪೂರ್ತಿ ಹೋಗಬೇಕು' ಎಂಬುದಾಗಿತ್ತು. ಇಂದಿನ ಗುರಿ ರೋಗಿ ನಗಬೇಕು, ಕಣ್ಣು ಮುಚ್ಚಬೇಕು, ನುಂಗಬೇಕು ಎಂಬುದು.

ಮೂಗಿನ ದಾರಿ

ಪಿಟ್ಯುಟರಿ ಗಡ್ಡೆಗೆ ಹತ್ತಿರದ ದಾರಿ ಮೂಗು. ಆಸ್ಟ್ರಿಯಾದ ಹರ್ಮನ್ ಶ್ಲೋಫರ್ 1907ರಲ್ಲಿ ಮೊದಲು ಈ ದಾರಿ ಹಿಡಿದರು. ಕುಶಿಂಗ್ ಇದನ್ನು ಬೆಳೆಸಿ, ಕೊನೆಗೆ ಕೈಬಿಟ್ಟರು. ಆದರೆ ಅವರಿಂದ ಕಲಿತ ನಾರ್ಮನ್ ಡಾಟ್ ಸ್ಕಾಟ್ಲೆಂಡಿನಲ್ಲಿ ಮುಂದುವರಿಸಿದರು. ಡಾಟ್‌ರಿಂದ ಪ್ಯಾರಿಸ್‌ನ ಗಿಯೋ, ಗಿಯೋರಿಂದ ಕೆನಡಾದ ಜೂಲ್ಸ್ ಹಾರ್ಡಿ ಕಲಿತರು. ಹಾರ್ಡಿ 1960ರ ದಶಕದಲ್ಲಿ ಸೂಕ್ಷ್ಮದರ್ಶಕ ಸೇರಿಸಿದ ಮೇಲೆ ವಿಧಾನ ಜಗತ್ತಿನಲ್ಲಿ ಹರಡಿತು. ಗುರುಶಿಷ್ಯರ ಸರಪಳಿಯೊಂದು ತುಂಡಾಗದೆ ಉಳಿದದ್ದರಿಂದ ಒಂದು ವಿದ್ಯೆ ಉಳಿದ ಕಥೆ ಇದು.

1990ರ ದಶಕದಿಂದ ಎಂಡೋಸ್ಕೋಪು, ಅಂದರೆ ತುದಿಯಲ್ಲಿ ಬೆಳಕು ಮತ್ತು ಮಸೂರವಿರುವ ತೆಳು ಕೊಳವೆ, ಮುಂದೆ ಬಂತು. ಕಿವಿ-ಮೂಗು-ಗಂಟಲು ವೈದ್ಯರು ಮತ್ತು ನರಶಸ್ತ್ರವೈದ್ಯರು ಜೊತೆಯಾಗಿ ಎರಡು ಹೊಳ್ಳೆಗಳ ಮೂಲಕ ನಾಲ್ಕು ಕೈಗಳಿಂದ ಕೆಲಸ ಮಾಡುತ್ತಾರೆ. ಹೊರಗೆ ಗಾಯದ ಗುರುತು ಇಲ್ಲ. ಹುಡುಗರ ಆಂಜಿಯೋಫೈಬ್ರೋಮಕ್ಕೂ ಹಲವು ಸಲ ಇದೇ ದಾರಿ. ಆದರೆ ಅದಕ್ಕೆ ಮೊದಲು, ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ, ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಈ ಗಡ್ಡೆಯಿಂದ ಪರೀಕ್ಷೆಗೆಂದು ಚೂರು ತೆಗೆಯಲು ಹೋದರೆ ತಡೆಯಲಾಗದ ರಕ್ತಸ್ರಾವ ಆಗಬಹುದು. ಆದ್ದರಿಂದ ಸ್ಕ್ಯಾನ್ ನೋಡಿಯೇ ನಿರ್ಧರಿಸುತ್ತಾರೆ.

ಮೂಗಿನ ದಾರಿಯ ದೊಡ್ಡ ತೊಡಕು ಸೋರಿಕೆ. ಮಿದುಳು ತೇಲುವ ದ್ರವ ನಮ್ಮಲ್ಲಿ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುತ್ತದೆ. ನೆಲದಲ್ಲಿ ತೂತು ಉಳಿದರೆ ಅದು ಮೂಗಿನಿಂದ ಸೋರುತ್ತದೆ, ಸೋಂಕು ಮೇಲೇರಿ ಮೆನಿಂಜೈಟಿಸ್ ಬರಬಹುದು. 2006ರಲ್ಲಿ ವರದಿಯಾದ ಒಂದು ಉಪಾಯ ಇದನ್ನು ಬಹಳಮಟ್ಟಿಗೆ ತಡೆಯಿತು. ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ಅದರ ರಕ್ತನಾಳದ ಸಮೇತ ಎಬ್ಬಿಸಿ, ಮಡಿಚಿ, ತೂತಿನ ಮೇಲೆ ಹಾಸುವುದೇ ಆ ಉಪಾಯ. ರಕ್ತ ಹರಿಯುವ ಜೀವಂತ ತೇಪೆಯಾದ್ದರಿಂದ ಬೇಗ ಕೂಡಿಕೊಳ್ಳುತ್ತದೆ.

ಕತ್ತಿಯೇ ಬೇಕೆಂದಿಲ್ಲ

ಶ್ರವಣ ನರದ ಚಿಕ್ಕ ಗಡ್ಡೆ ಕಂಡ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ವಯಸ್ಸಾದವರಲ್ಲಿ ಕಾಲಕಾಲಕ್ಕೆ ಎಂಆರ್‌ಐ ಮಾಡಿಸುತ್ತ ಕಾಯುವುದೂ ಒಪ್ಪಿತವಾದ ಕ್ರಮ. ಬೆಳೆಯುತ್ತಿದ್ದರೆ, ಸಾಮಾನ್ಯವಾಗಿ ಮೂರು ಸೆಂ.ಮೀ.ಗಿಂತ ಚಿಕ್ಕದಿದ್ದರೆ, ಗಾಮಾ ನೈಫ್ ಬಳಸಬಹುದು. ಹೆಸರಿನಲ್ಲಿ ಚಾಕು ಇದ್ದರೂ ಇದರಲ್ಲಿ ಕೊಯ್ಯುವುದಿಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಈ ಯಂತ್ರ 1968ರಲ್ಲಿ ಮೊದಲು ಬಳಕೆಗೆ ಬಂತು. ಕೋಬಾಲ್ಟ್-60 ಮೂಲದ ಸುಮಾರು 200 ದುರ್ಬಲ ಗಾಮಾ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ದಾರಿಯಲ್ಲಿನ ಊತಕಕ್ಕೆ ಅಲ್ಪ ವಿಕಿರಣ, ಕೂಡುವ ಬಿಂದುವಿಗೆ ಪ್ರಬಲ ವಿಕಿರಣ. ಗಡ್ಡೆ ಮಾಯವಾಗುವುದಿಲ್ಲ; ಬಹುತೇಕರಲ್ಲಿ ಬೆಳೆಯುವುದು ನಿಲ್ಲುತ್ತದೆ.

ಹಾಗಾಗಿ ಗಾತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಂದು ಸೆಂ.ಮೀ. ಇದ್ದಾಗ ಮೂರು ದಾರಿಗಳು ತೆರೆದಿರುತ್ತವೆ: ಕಾಯುವುದು, ಕಿರಣ, ಶಸ್ತ್ರ. ನಾಲ್ಕು ಸೆಂ.ಮೀ. ಆದಾಗ ಸಾಮಾನ್ಯವಾಗಿ ಒಂದೇ ದಾರಿ, ಅದೂ ಹಲವು ಗಂಟೆಗಳ ಶಸ್ತ್ರಚಿಕಿತ್ಸೆ. ಮುಖದ ಒಂದು ಪಕ್ಕ ಸೋಲುವ ಅಪಾಯವೂ ಹೆಚ್ಚು. 'ಸಪ್ಪಳಕ್ಕೆ ಆಗಿದೆ' ಎಂದು ಕಳೆದ ವರ್ಷಗಳ ಬೆಲೆ ಇದು.

ಎಲ್ಲಿಗೆ ಹೋಗಬೇಕು?

ಮೊದಲ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐ ಮತ್ತು ಎಂ.ಆರ್. ವೈದ್ಯಕೀಯ ಕಾಲೇಜುಗಳಿವೆ. ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಆಡಿಯೋಮೆಟ್ರಿ ಮಾಡಿಸಿ, ಅವರು ಹೇಳಿದರೆ ಸ್ಕ್ಯಾನ್. ತಲೆಬುರುಡೆ ತಳದ ಶಸ್ತ್ರಚಿಕಿತ್ಸೆ ಮಾತ್ರ ಇಂಥ ಕೆಲಸವನ್ನು ನಿತ್ಯ ಮಾಡುವ, ಹಲವು ವಿಭಾಗಗಳ ತಂಡವಿರುವ ಆಸ್ಪತ್ರೆಯಲ್ಲೇ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ. ನರಶಸ್ತ್ರವೈದ್ಯ ಡಾ. ಆರ್. ಎಂ. ವರ್ಮ ಅದರ ಆರಂಭದ ದಿನಗಳ ನಿರ್ದೇಶಕರಾಗಿದ್ದರು. ಇಂದು ಅಲ್ಲಿ ಗಾಮಾ ನೈಫ್ ಸೌಲಭ್ಯವೂ ಇದೆ. ವಾಡಿ, ಚಿತ್ತಾಪುರ, ಸೇಡಂನವರಿಗೆ ತಾಂಡೂರು ಮಾರ್ಗದ ರೈಲಿನಲ್ಲಿ ಹೈದರಾಬಾದ್ ಹತ್ತಿರ. ಅಲ್ಲಿ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆ ಇದೆ.

ಖರ್ಚಿನ ಭಯವೂ ತಡಕ್ಕೆ ಕಾರಣ. ಬಡವರ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ನೆರವಾಗುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದು ಆಗಿನ ಗುಲ್ಬರ್ಗ ವಿಭಾಗದಲ್ಲೇ. ನರರೋಗಗಳೂ ಅದರಲ್ಲಿ ಸೇರಿದ್ದವು. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿತು. ಹೊರಡುವ ಮುನ್ನ ಪಡಿತರ ಚೀಟಿ, ಆಧಾರ್ ಜೊತೆಗಿಟ್ಟುಕೊಂಡು, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂಬುದನ್ನು ವಿಚಾರಿಸಿದರೆ ಅಲೆದಾಟ ತಪ್ಪುತ್ತದೆ.

ಶಿಕ್ಷಕರು ಮಾಡಬಹುದಾದದ್ದು

ಈ ಗಡ್ಡೆಗಳು ಅಪರೂಪ, ಹೆದರಿಸುವುದು ಬೇಡ. ಆದರೆ ಮಕ್ಕಳನ್ನು ದಿನವೂ ನೋಡುವವರು ಶಿಕ್ಷಕರು. ಯಾವಾಗಲೂ ಒಂದೇ ಕಿವಿಯನ್ನು ಮುಂದೊಡ್ಡಿ ಕೇಳುವ ಮಗು, ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ ಸುರಿಸುವ ಹುಡುಗ – ಇವರನ್ನು ಗುರುತಿಸಿ ಪಾಲಕರಿಗೆ ತಿಳಿಸಬಹುದು. ಶ್ರುತಿಕವೆಯ ಪ್ರಯೋಗ ಮಾಡಿಸಿದ ದಿನ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡಿ: "ನಿಮ್ಮ ತಂದೆ, ಕಾಕಾ, ಮಾಮಾ ಯಾವ ಕಿವಿಗೆ ಫೋನು ಹಿಡಿಯುತ್ತಾರೆ? ಇನ್ನೊಂದು ಕಿವಿಗೆ ಹಿಡಿದರೆ ಮಾತು ತಿಳಿಯುತ್ತದೆಯೇ? ಕೇಳಿಕೊಂಡು ಬನ್ನಿ." ಎರಡು ಕಿವಿಯೂ ಮಂದವೆಂದು ಉತ್ತರ ಬಂದರೆ ಕೆಲಸದ ಜಾಗದಲ್ಲಿ ಕಿವಿಗೆ ರಕ್ಷಣೆ ಬೇಕೆಂದು ಅರ್ಥ. ಒಂದೇ ಕಿವಿ ಎಂದರೆ ಒಂದು ಆಡಿಯೋಮೆಟ್ರಿ ಬೇಕೆಂದು ಅರ್ಥ. ಎರಡೂ ಉಪಯುಕ್ತ ಉತ್ತರಗಳೇ.